ಖಾಡಾ: ಜಡ್ಡಾದ ದಿನದ ಲೆಕ್ಕ



ಸಂಘದ ವರ್ಧಂತಿ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರೆದುಕೊಡು, ಹೆಂಗೂ ನೀನು ಬಿ.ಎ.ದಾಗ ಇತಿಹಾಸ ತೊಗೊಂಡೀ ಅಂತ ಸಂಪಾದಕ ಅಣ್ಣಂದಿರು ಹೇಳಿದರು. ಮಹಾಡ, ಭೀಮಾ ಕೋರೆಗಾಂವ, ನಾಗಪುರ ದೀಕ್ಷೆ ಇವುಗಳ ಬಗ್ಗೆ ಪ್ರತಿ ವರ್ಷ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ಅದಕ್ಕ ನಾನು ಒಂದು ಸಣ್ಣ ಶಬ್ದದ ಬಗ್ಗೆ ಬರೀತೀನಿ. ಆ ಶಬ್ದ ನಮ್ಮ ಮನೆಯೊಳಗ ದಿನಾ ಕೇಳಿಬರ್ತದ: ಖಾಡಾ.

ಖಾಡಾ ಅಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸಕ್ಕೆ ಹೋಗದ ದಿನ. ಮರಾಠಿಯ ಶಬ್ದ, ಆದರೆ ಅಕ್ಕಲಕೋಟ, ದಕ್ಷಿಣ ಸೋಲಾಪುರದ ಕಡೆ ನಾವು ಕನ್ನಡ ಮಾತಾಡುವಾಗಲೂ ‘ಇವತ್ತ ಖಾಡಾ ಬಿತ್ತು’ ಅಂತೀವಿ. ಸೂಟಿ ಬೇರೆ, ಖಾಡಾ ಬೇರೆ. ಸೂಟಿ ತೊಗೊಳ್ಳೋದು, ಖಾಡಾ ಬೀಳೋದು. ಸಾಹೇಬರಿಗೆ ಆರಾಮಿಲ್ಲದಾಗ ಸಿಗುವುದು ಸೂಟಿ. ನಮ್ಮವರಿಗೆ ಆರಾಮಿಲ್ಲದಾಗ ಬೀಳುವುದು ಖಾಡಾ. ಈ ಎರಡರ ನಡುವೆ ಎಷ್ಟು ದೂರ ಐತಿ, ಆ ದೂರವನ್ನು ಕಡಿಮೆ ಮಾಡಲಿಕ್ಕೆ ಯಾರು ಯಾರು ಏನೇನು ಮಾಡಿದರು, ಕಡಿಮೆ ಆಗಿದ್ದು ಎಲ್ಲಿಗೆ ಬಂದು ನಿಂತಿತು ಅಂತ ಹುಡುಕುತ್ತಾ ಹೋದೆ.

ಮೊದಲು ಊರಿನಿಂದ ಶುರು ಮಾಡೋಣ. ಮುಂಬಯಿ ಇಲಾಖೆಯ ಊರುಗಳಲ್ಲಿ ಮಹಾರ ವತನ ಅಂತ ಒಂದಿತ್ತು. 1874ರ ವತನ ಕಾಯ್ದೆಯ ಕೆಳಗೆ ಬರುವ ಕೆಲಸ. ಸರ್ಕಾರದ ಕಾಗದ ಮುಟ್ಟಿಸಬೇಕು, ಸಾಹೇಬರು ಬಂದರೆ ಮುಂದೆ ಓಡಬೇಕು, ಊರ ಗಡಿ ತೋರಿಸಬೇಕು. ಬದಲಿಗೆ ಒಂದಿಷ್ಟು ಇನಾಮು ಹೊಲ, ಊರವರು ಕೊಟ್ಟರೆ ಕೊಟ್ಟಷ್ಟು ಕಾಳು. ಆ ಇನಾಮು ಹೊಲ ತಲೆಮಾರಿನಿಂದ ತಲೆಮಾರಿಗೆ ಹಂಚಿ ಹಂಚಿ ಕಡೆಗೆ ಒಬ್ಬೊಬ್ಬನ ಪಾಲಿಗೆ ಬರುವುದು ಎಷ್ಟು ಅಂತ ಕೇಳಬೇಡಿ. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದಾಗ ಒಂದು ಮಾತನ್ನು ಬಿಡಿಸಿ ಹೇಳಿದರು: ಈ ಚಾಕರಿಗೆ ಹೊತ್ತು ಗೊತ್ತು ಇಲ್ಲ, ಹಗಲು ರಾತ್ರಿ ಯಾವಾಗ ಕರೆದರೂ ಬರಬೇಕು, ಸರದಿಯವನು ಸಿಗದೇ ಹೋದರೆ ಅವನ ಅಪ್ಪನನ್ನೋ ಮನೆಯ ಇನ್ನೊಬ್ಬನನ್ನೋ ಹಿಡಿದು ಕೆಲಸ ಮಾಡಿಸುತ್ತಾರೆ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಂತೆ. ಯಾಕಂದ್ರ ಇದರ ಅರ್ಥ ಇಷ್ಟೇ: ಒಬ್ಬನಿಗೆ ಜಡ್ಡು ಬಂದರೆ ಮನೆಗೆ ರಜಾ ಇಲ್ಲ. ಅವನ ಮೈಗೆ ಬಂದ ಜ್ವರವನ್ನು ಇನ್ನೊಬ್ಬನ ಮೈ ತೀರಿಸಬೇಕು. ಕೆಲಸ ಮಾಡುವವನು ಒಬ್ಬ ಮನುಷ್ಯ ಅಂತ ಲೆಕ್ಕವೇ ಇಲ್ಲ, ಇಡೀ ಮನೆತನ ಒಂದು ಆಳು. ಆ ಮಸೂದೆ ಆಗ ಪಾಸಾಗಲಿಲ್ಲ. ಮಹಾರ ವತನ ಕಾಯ್ದೆಯಿಂದ ಹೋಗಿದ್ದು 1958ರ ಕಾಯ್ದೆ ಬಂದ ಮೇಲೆ. ಬಾಬಾಸಾಹೇಬರು ಅದನ್ನು ನೋಡಲಿಲ್ಲ.

ಊರು ಬಿಟ್ಟು ಗಿರಣಿಗೆ ಹೋದವರ ಕಥೆ ಬೇರೆ ಏನು ಇರಬಹುದು ಅಂತ ನೀವು ಕೇಳಬಹುದು. ಸೋಲಾಪುರದ ಜುನೀ ಗಿರಣಿ 1877ರ ಹೊತ್ತಿಗೆ ಶುರುವಾಯಿತು. ಆಮೇಲೆ ನರಸಿಂಗ ಗಿರಜಿ, ಲಕ್ಷ್ಮೀ, ವಿಷ್ಣು, ಜಾಮ್ ಒಂದೊಂದಾಗಿ ಬಂದವು. ಭೋಂಗಾ ಊದಿದರೆ ಸುತ್ತಲ ಊರಿಗೆಲ್ಲ ಹೊತ್ತು ಗೊತ್ತಾಗುತ್ತಿತ್ತಂತೆ. ಗಿರಣಿಯೊಳಗೆ ಗೌಡನ ಕರೆ ಇಲ್ಲ, ತಿಂಗಳಿಗೆ ಪಗಾರ ಐತಿ ಅಂತ ನಮ್ಮ ಮಂದಿ ಹೋದರು.

ಗಿರಣಿ ಕೆಲಸಗಾರರ ಪರವಾಗಿ ಮೊದಲು ಬಾಯಿ ತೆರೆದವರಲ್ಲಿ ಒಬ್ಬರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. 1884ರಲ್ಲಿ ಮುಂಬಯಿಯಲ್ಲಿ ಸಭೆ ಸೇರಿಸಿ, 5,500 ಕೆಲಸಗಾರರ ಸಹಿ ಹಾಕಿಸಿ ಸರ್ಕಾರದ ಆಯೋಗಕ್ಕೆ ಒಂದು ಮನವಿ ಕೊಟ್ಟರು. ಅದರಲ್ಲಿ ವಾರಕ್ಕೊಂದು ದಿನ ಬಿಡುವು ಕೇಳಿದ್ದು ಎಲ್ಲರಿಗೂ ಗೊತ್ತು. 1890ರ ಜೂನ್ 10ಕ್ಕೆ ಮುಂಬಯಿಯ ಗಿರಣಿ ಮಾಲೀಕರು ಆ ವಾರದ ಸೂಟಿ ಒಪ್ಪಿಕೊಂಡರು. ನಾವು ಇವತ್ತು ಭಾನುವಾರ ಕ್ರಿಕೆಟ್ ಆಡುವುದರ ಹಿಂದೆ ಅದೂ ಐತಿ. ಆದರೆ ಅದೇ ಮನವಿಯಲ್ಲಿ ಇನ್ನೊಂದು ಬೇಡಿಕೆ ಇತ್ತು, ಅದನ್ನು ಯಾರೂ ಹೇಳುವುದಿಲ್ಲ. ಗಿರಣಿಯಲ್ಲಿ ಕೆಲಸ ಮಾಡುವಾಗ ಪೆಟ್ಟಾದವನಿಗೆ ಅವನು ಆರಾಮಾಗುವ ತನಕ ಪೂರಾ ಪಗಾರ ಕೊಡಬೇಕು. ಮಲಗಿದ ದಿನಕ್ಕೂ ಪಗಾರ ಬೇಕು ಅಂತ 1884ರಲ್ಲೇ ಕೇಳಿದ್ದರು, ಅದೂ ಬರೆದು, ಸಹಿ ಮಾಡಿ. ಸಹಿ ಮಾಡಿದವರಲ್ಲಿ ಓದು ಬರುವವರು ಎಷ್ಟು ಮಂದಿ ಇದ್ದರೋ.

ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಗಿರಣಿಯೊಳಗೂ ಜಾತಿ ಇತ್ತು. ನಮ್ಮವರಿಗೆ ನೂಲುವ ಖಾತೆಯಲ್ಲಿ ಕೆಲಸ ಸಿಗುತ್ತಿತ್ತು, ಹೆಚ್ಚು ಪಗಾರದ ನೇಯುವ ಖಾತೆಯಲ್ಲಿ ಸಿಗುತ್ತಿರಲಿಲ್ಲ. ಕಾರಣ ಏನು ಗೊತ್ತೇನು? ಲಾಳಿಯಲ್ಲಿ ನೂಲು ಮುಗಿದಾಗ ಹೊಸ ನೂಲಿನ ತುದಿಯನ್ನು ಬಾಯಿಂದ ಹೀರಿ ತೂತಿನಿಂದ ಹೊರಗೆ ಎಳೆಯಬೇಕಿತ್ತು. ಒಬ್ಬರ ಬಾಯಿ ತಾಕಿದ ಲಾಳಿ ಇನ್ನೊಬ್ಬರ ಬಾಯಿಗೆ ಹೋಗುತ್ತದೆ, ಮೈಲಿಗೆ ಆಗುತ್ತದೆ ಅಂತ ಬೇರೆ ಜಾತಿಯ ಕೆಲಸಗಾರರು ನಮ್ಮವರನ್ನು ಒಳಗೆ ಬಿಡಲಿಲ್ಲ. 1928ರ ಮುಂಬಯಿಯ ದೊಡ್ಡ ಹರತಾಳದ ಹೊತ್ತಿಗೆ ಬಾಬಾಸಾಹೇಬರು ಈ ಪ್ರಶ್ನೆಯನ್ನು ಸಂಘದ ಮುಖಂಡರ ಮುಂದೆಯೇ ಇಟ್ಟರು: ಬೇಡಿಕೆಗಳ ಪಟ್ಟಿಯೊಳಗೆ ಇದು ಯಾಕಿಲ್ಲ? ಅಲ್ಲ, ವಿಚಾರ ಮಾಡ್ರಿ. ಒಂದೇ ಲಾಳಿಯನ್ನು ಹತ್ತು ಮಂದಿ ಬಾಯಿಗಿಟ್ಟರೆ ಕ್ಷಯ ಹರಡೀತು ಅಂತ ಹೆದರಬೇಕಾಗಿತ್ತು. ಅವರು ಹೆದರಿದ್ದು ಜಾತಿಗೆ.

ನೂಲುವ ಕಡೆ ಬೇರೆ ಥರದ ಜಡ್ಡು. ಹತ್ತಿಯ ಧೂಳು ಎದೆಯೊಳಗೆ ಕುಂತು ಉಸಿರು ಹಿಡಿಯುವುದು. ಇದಕ್ಕೆ ಇಂಗ್ಲೆಂಡಿನ ಗಿರಣಿಗಳಲ್ಲಿ ಸೋಮವಾರದ ಜಡ್ಡು ಅಂತ ಹೆಸರಿತ್ತು. ವಾರದ ಸೂಟಿ ಮುಗಿಸಿ ಬಂದ ಮೊದಲ ದಿನ ಎದೆ ಹಿಡಿದಂತಾಗಿ ಕೆಮ್ಮು ಜಾಸ್ತಿ ಆಗುತ್ತದೆ, ಆಮೇಲೆ ಮೈ ಹೊಂದಿಕೊಂಡಂತೆ ಅನಿಸುತ್ತದೆ. ವರ್ಷಗಟ್ಟಲೆ ಆದ ಮೇಲೆ ಯಾವ ದಿನವೂ ಹೊಂದಿಕೊಳ್ಳುವುದಿಲ್ಲ. ನಮ್ಮ ಮುತ್ಯಾನ ಕೆಮ್ಮು ಹಂಗ ಇತ್ತು. ಆತ ಸತ್ತು ಐದು ವರ್ಷ ಆದ ಮೇಲೂ ಬೆಳಗಿನ ಜಾವ ಯಾರಾದರೂ ಕೆಮ್ಮಿದರೆ ನಮ್ಮ ಆಯಿ ಎದ್ದು ಕುಂದರ್ತಾಳ.

ಮುತ್ಯಾ ಗಿರಣಿ ಸೇರಿದ್ದು ಬದಲಿಯಾಗಿ. ಈಗಿನ ಹುಡುಗರಿಗೆ ಬದಲಿ ಅಂದರೆ ಏನು ಅಂತ ಹೇಳಬೇಕು. ಖಾಯಂ ಕೆಲಸಗಾರ ಬರದಿದ್ದ ದಿನ ಅವನ ಜಾಗದಲ್ಲಿ ನಿಲ್ಲುವವನು ಬದಲಿ. ಮೊದಲು ಇದೆಲ್ಲ ಜಾಬರ್, ಮುಕಾದಮರ ಕೈಯಲ್ಲಿತ್ತು. ಯಾರನ್ನು ಕರೆಯಬೇಕು ಯಾರನ್ನು ಬಿಡಬೇಕು ಅವರದೇ ಮಾತು. ಜಡ್ಡಾಗಿ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದವನು ತನ್ನದೇ ಜಾಗಕ್ಕೆ ಮತ್ತೆ ರೊಕ್ಕ ಕೊಟ್ಟು ಸೇರಬೇಕಿತ್ತು. 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗ, ನಾವು ವ್ಹಿಟ್ಲಿ ಆಯೋಗ ಅಂತ ಓದುತ್ತೇವಲ್ಲ ಅದು, ಈ ಲಂಚದ ಬಗ್ಗೆ ಬರೆದಿದೆ. 1935ರಲ್ಲಿ ಮುಂಬಯಿಯ ಗಿರಣಿ ಮಾಲೀಕರ ಸಂಘ ಬದಲಿಗಳಿಗೆ ತಿಂಗಳ ಕಾರ್ಡು ಕೊಡುವ ಪದ್ಧತಿ ತಂದಿತು. ಕಾರ್ಡು ಇದ್ದವನು ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಹಾಜರಿರಬೇಕು. ಕೆಲಸ ಇದ್ದರೆ ಒಳಗೆ, ಇಲ್ಲದಿದ್ದರೆ ಮನೆಗೆ.

ಮುತ್ಯಾನ ಕಾಲಕ್ಕೂ ಹೆಚ್ಚು ಕಡಿಮೆ ಹಂಗೇ ನಡೀತಿತ್ತು. ಏಳೆಂಟು ವರ್ಷ ಆತ ಗೇಟಿನ ಮುಂದೆ ನಿಂತವನು. ಆತನೇ ಹೇಳುತ್ತಿದ್ದ ಮಾತು ಇದು: ‘ಯಾರಿಗರ ಜಡ್ಡ ಬಂದ್ರ ನಮ್ಮನ್ಯಾಗ ಒಲಿ ಹತ್ತತಿತ್ತು ನೋಡಪಾ. ದೇವರೇ ಯಾರಿಗರ ಒಂದೀಟ ಜ್ವರ ಬರ್ಲಿ ಅಂತ ಬೇಡಿಕೊಂಡ ನಿಂದ್ರತಿದ್ನಿ. ಕೆಟ್ಟದ್ದ ಅಂತ ಗೊತ್ತಿತ್ತು. ಆದ್ರ ಏನ ಮಾಡ್ಲಿ.’ ತನಗೆ ಜ್ವರ ಬಂದಾಗ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲವಂತೆ. ಒಂದು ದಿನ ತಪ್ಪಿಸಿದರೆ ಪಕ್ಕದವನನ್ನು ಒಳಗೆ ತೊಗೊಂಡು ಬಿಡ್ತಾರ, ನಾಳೆ ತನ್ನ ನೆನಪು ಇರ್ತದೋ ಇಲ್ಲೋ. ತಲೆಗೆ ಟವೆಲ್ಲು ಸುತ್ತಿಕೊಂಡು ಹೋಗಿ ನಿಲ್ಲುತ್ತಿದ್ದ.

ಊರಲ್ಲಿ ಜಡ್ಡಾದರೆ ಮನೆಯವನೇ ಬದಲಿ. ಗಿರಣಿಯಲ್ಲಿ ಜಡ್ಡಾದರೆ ಗೇಟಿನ ಮುಂದೆ ಹಸಿದು ನಿಂತ ಇನ್ನೊಬ್ಬ ಬಡವ ಬದಲಿ. ಎರಡೂ ಕಡೆ ಕೆಲಸ ನಿಲ್ಲಲಿಲ್ಲ, ಮಾಲೀಕನಿಗೆ ಒಂದು ಪೈಸೆ ಕಡಿಮೆ ಆಗಲಿಲ್ಲ.

ಈಗ ಕಾಯ್ದೆಯ ಕಥೆಗೆ ಬರ್ತೀನಿ. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲೇ ಕೆಲಸಗಾರರ ಜಡ್ಡಿನ ವಿಮೆ ತಂದಿದ್ದ. 1927ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಎರಡು ಒಪ್ಪಂದ ಮಾಡಿತು. 24ನೇ ನಂಬರಿನದು ಕಾರ್ಖಾನೆಯವರಿಗೆ, 25ನೇ ನಂಬರಿನದು ಹೊಲದಲ್ಲಿ ದುಡಿಯುವವರಿಗೆ. ಆ 25ನೇ ನಂಬರನ್ನು ದಯವಿಟ್ಟು ನೆನಪಿಡ್ರಿ, ಕಡೆಗೆ ಬೇಕಾಗ್ತದ. ನಮ್ಮ ದೇಶದ ಅಂದಿನ ಸರ್ಕಾರ ಎರಡಕ್ಕೂ ಒಪ್ಪಲಿಲ್ಲ.

1942ರ ಜುಲೈಯಿಂದ 1946ರ ತನಕ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಸಂವಿಧಾನದ ಮುಂದೆ ಈ ನಾಲ್ಕು ವರ್ಷ ನಮ್ಮ ಭಾಷಣಗಳಲ್ಲಿ ಸಣ್ಣದಾಗಿ ಬಿಡುತ್ತವೆ. ನನಗೆ ಕೇಳಿದರೆ, ಗಿರಣಿಯ ಮನೆಯವರು ಈ ನಾಲ್ಕು ವರ್ಷವನ್ನು ಬೇರೆಯಾಗಿ ನೆನೆಯಬೇಕು. 1943ರ ಮಾರ್ಚಿನಲ್ಲಿ ಬಿ.ಪಿ. ಅಡಾರಕರ್ ಅವರಿಗೆ ಕೆಲಸಗಾರರ ಆರೋಗ್ಯ ವಿಮೆಯ ಯೋಜನೆ ತಯಾರಿಸುವ ಕೆಲಸ ಕೊಟ್ಟರು. ಅವರು 1944ರ ಆಗಸ್ಟಿನಲ್ಲಿ ವರದಿ ಕೊಟ್ಟರು. 1945ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು: ಒಂದು ವರ್ಷ ದುಡಿದ ಕೆಲಸಗಾರನಿಗೆ 10 ದಿನ ಪಗಾರ ಸಹಿತ ಸೂಟಿ. ಹತ್ತು ದಿನ ಏನು ಮಹಾ ಅನ್ನಬೇಡ್ರಿ. ಅದರೊಳಗೆ ಇನ್ನೊಂದು ಸಾಲು ಐತಿ: ಜಡ್ಡು, ಅಪಘಾತ ಅಥವಾ ಮಂಜೂರಾದ ರಜೆಯಿಂದ ವರ್ಷದಲ್ಲಿ ಒಟ್ಟು 90 ದಿನದವರೆಗೆ ಕೆಲಸ ತಪ್ಪಿದರೂ ಅವನ ಸೇವೆ ಮುರಿಯಿತು ಅಂತ ಎಣಿಸಬಾರದು. ಅಂದರೆ ಜ್ವರ ಬಂದು ಮಲಗಿ ಎದ್ದವನು ಮತ್ತೆ ಹೊಸಬನಾಗಿ ಗೇಟಿನಲ್ಲಿ ನಿಲ್ಲಬೇಕಾಗಿಲ್ಲ. ಅವನು ಅವನೇ.

ವಿಮೆಯ ಮಸೂದೆ ಸಭೆಗೆ ಬರುವಷ್ಟರಲ್ಲಿ ಬಾಬಾಸಾಹೇಬರು ಆ ಖಾತೆ ಬಿಟ್ಟಾಗಿತ್ತು. 1946ರ ನವೆಂಬರಿನಲ್ಲಿ ಅದು ಮಂಡನೆ ಆದಾಗ ಕಾರ್ಮಿಕ ಖಾತೆಯಲ್ಲಿದ್ದವರು ಜಗಜೀವನ ರಾಮ್. ಇಬ್ಬರ ರಾಜಕೀಯ ದಾರಿ ಬೇರೆ ಬೇರೆ, ಅದರ ಮೇಲೆ ನಮ್ಮ ಓಣಿಯ ಕಟ್ಟೆಯಲ್ಲಿ ಬೇಕಾದಷ್ಟು ಜಗಳ ಆಗಿದೆ, ಇಲ್ಲಿ ಬೇಡ. 1948ರ ಏಪ್ರಿಲಿನಲ್ಲಿ ಕಾರ್ಮಿಕರ ರಾಜ್ಯ ವಿಮೆ ಕಾಯ್ದೆ, ಅಂದರೆ ನಮ್ಮ ಬಾಯಲ್ಲಿ ಇಎಸ್‌ಐ, ಜಾರಿಗೆ ಒಪ್ಪಿಗೆ ಪಡೆಯಿತು. 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ನೆಹರೂ ಅದನ್ನು ಶುರು ಮಾಡಿದರು, ಅದೇ ದಿನ ದಿಲ್ಲಿಯಲ್ಲೂ ಶುರುವಾಯಿತು. ಆಮೇಲೆ ಒಂದೊಂದೇ ಊರಿಗೆ ಬಂತು. ಮೊದಮೊದಲು ಜಡ್ಡಿನ ಭತ್ಯೆ ವರ್ಷಕ್ಕೆ 56 ದಿನ ಮಾತ್ರ, ಅದೂ ಪಗಾರದ ಅರ್ಧದ ಹತ್ತಿರ.

ಮುತ್ಯಾ ಖಾಯಂ ಆದದ್ದು 1970ರ ಹೊತ್ತಿಗೆ. ಮರುವರ್ಷವೇ ಆತನಿಗೆ ಕಾಮಾಲೆ ಆಯಿತು. ಇಎಸ್‌ಐ ದವಾಖಾನೆಯ ಡಾಕ್ಟರು ಚೀಟಿ ಬರೆದುಕೊಟ್ಟರು, ಮೂರು ವಾರ ಮಲಗಿದ. ಆರಾಮಾಗಿ ಹೋದ ಮೇಲೆ ಕೈಗೆ ರೊಕ್ಕ ಬಂತು. ಎಷ್ಟು ಅಂತ ಆಯಿಗೆ ನೆನಪಿಲ್ಲ. ಆದರೆ ಮುತ್ಯಾ ಮನೆಗೆ ಬಂದು ಆ ರೊಕ್ಕವನ್ನು ಖರ್ಚು ಮಾಡದೇ ಎರಡು ದಿನ ಹಂಗೇ ಇಟ್ಟಿದ್ದನಂತೆ, ತಪ್ಪಿ ಕೊಟ್ಟಾರ, ವಾಪಸ್ ಕೇಳಲಿಕ್ಕೆ ಬರ್ತಾರ ಅಂತ. ಯಾರೂ ಬರಲಿಲ್ಲ. ‘ಮಲಗಿದ್ದಕ್ಕ ರೊಕ್ಕ ಕೊಟ್ರು ಅವ್ವಾ’ ಅಂತ ತನ್ನ ತಾಯಿಗೆ ಹೇಳಿದ್ದನ್ನು ಆಯಿ ಈಗಲೂ ನಕ್ಕೋತ ಹೇಳ್ತಾಳ. ವತನದ ಕಾಲ ಕಂಡ ಮುದುಕಿ ಅದು, ನಂಬಲಿಲ್ಲವಂತೆ.

ಆ ಗಿರಣಿಗಳು ಆಮೇಲೆ ಒಂದರ ಹಿಂದೊಂದು ಮುಚ್ಚಿದವು. ಅದರ ಕಥೆ ಬರೆದರೆ ಇಡೀ ಸಂಚಿಕೆ ಬೇಕು.

ಈಗ ಚಾದರ, ಟವೆಲ್ಲಿನ ಕಾರ್ಖಾನೆಗಳಿಗೆ, ಎಂಐಡಿಸಿಗೆ ಹೋಗುವ ನಮ್ಮ ಹುಡುಗರಿಗೆ ಒಂದೆರಡು ಮಾತು, ಸ್ವಲ್ಪ ಲಕ್ಷ್ಯ ಕೊಟ್ಟು ಓದ್ರಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗೆ ಇಎಸ್‌ಐ ಬರುತ್ತದೆ. ತಿಂಗಳ ಪಗಾರ 21,000 ರೂಪಾಯಿ ಒಳಗಿದ್ದರೆ ನೀವು ಅದರೊಳಗೆ ಬರ್ತೀರಿ. 2019ರ ಜುಲೈಯಿಂದ ನಿಮ್ಮ ಪಗಾರದಲ್ಲಿ ಹಿಡಿಯುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕ ಹಾಕಬೇಕಾದದ್ದು ನೂರಕ್ಕೆ 3 ರೂಪಾಯಿ 25 ಪೈಸೆ. ಆರು ತಿಂಗಳಲ್ಲಿ 78 ದಿನದ ವಂತಿಗೆ ತುಂಬಿದ್ದರೆ, ಜಡ್ಡಾದಾಗ ಪಗಾರದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದ ತನಕ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಕ್ಷಯದಂಥ ದೊಡ್ಡ ಜಡ್ಡಿಗೆ ಇನ್ನೂ ಹೆಚ್ಚು ದಿನ, ಹೆಚ್ಚು ರೊಕ್ಕ. ಜಡ್ಡಿನ ಭತ್ಯೆ ತೊಗೊಳ್ಳುತ್ತಿರುವ ದಿನಗಳಲ್ಲಿ ಕೆಲಸದಿಂದ ತೆಗೆಯಬಾರದು ಅಂತ 1948ರ ಕಾಯ್ದೆಯ 73ನೇ ಕಲಂ ಹೇಳುತ್ತಿತ್ತು. ‘ಬರದಿದ್ದರೆ ನಾಳೆಯಿಂದ ಬರಬ್ಯಾಡ’ ಅಂತ ನಿಮ್ಮ ಸೂಪರ್‌ವೈಜರ್ ಹೇಳಿದಾಗ ಈ ಮಾತು ನೆನಪಿರಲಿ. ಚೀಟಿ ಮಾತ್ರ ಡಾಕ್ಟರಿಂದ ಅವತ್ತೇ ಮಾಡಿಸಬೇಕು, ಆರಾಮಾದ ಮೇಲೆ ಹೋಗಿ ಕೇಳಿದರೆ ನಡೆಯುವುದಿಲ್ಲ.

ಆದರೆ ಒಂದೇ ತಗಡಿನ ಕೆಳಗೆ ಎರಡು ಹೆಸರಿನ ಎರಡು ಬೋರ್ಡು ಹಾಕಿ, ಒಂದೊಂದರಲ್ಲಿ ಎಂಟೆಂಟು ಮಂದಿ ಅಂತ ತೋರಿಸುವ ಶೆಡ್ಡನ್ನು ನಾನೇ ನೋಡೇನಿ. ಹತ್ತರ ಗೆರೆ ಮುಟ್ಟದಂತೆ ಕೂಡಿಸಿ ಕಳೆಯುವ ಲೆಕ್ಕ ಅದು.

ಗೆರೆಯ ಮಾತು ಬಂತಲ್ಲ, ನಾನು ಈ ಲೇಖನ ಬರೆಯಲಿಕ್ಕೆ ಕುಂತ ಖರೇ ಕಾರಣ ಅಲ್ಲಿ ಐತಿ. 1948ರ ಕಾಯ್ದೆಯ ಮೊದಲ ಪುಟದಲ್ಲೇ ಒಂದು ಗೆರೆ ಎಳೆದಿದ್ದಾರೆ: ಹಂಗಾಮಿ ಕಾರ್ಖಾನೆಗಳಿಗೆ ಇದು ಇಲ್ಲ. ಹಂಗಾಮಿ ಕಾರ್ಖಾನೆ ಯಾವುದು ಅಂತ ಪಟ್ಟಿ ಐತಿ. ಹತ್ತಿ ಜಿನ್ನಿಂಗ್, ಶೇಂಗಾ ಒಡೆಯುವುದು, ಚಹಾ, ಕಾಫಿ, ನೀಲಿ, ಮತ್ತೆ ಸಕ್ಕರೆ, ಬೆಲ್ಲ. ಸಕ್ಕರೆ! ನಮ್ಮ ಜಿಲ್ಲೆಯಲ್ಲಿ ಎತ್ತ ತಿರುಗಿದರೂ ಅದರದೇ ಚಿಮಣಿ. ಕಾರ್ಖಾನೆಯ ಒಳಗಿನವರನ್ನೇ ಆ ಗೆರೆ ಹೊರಗಿಟ್ಟರೆ, ಹೊಲದಲ್ಲಿ ಕಬ್ಬು ಕಡಿಯುವವರನ್ನು ಯಾರು ಕೇಳ್ತಾರ? ಅವರು ಕಾರ್ಖಾನೆಯ ಆಳೂ ಅಲ್ಲ, ರೈತನ ಆಳೂ ಅಲ್ಲ. ಅವರ ಕರಾರು ಮುಕಾದಮನ ಜೋಡಿ. ಗಿರಣಿಯಿಂದ ಹೋದ ಮುಕಾದಮ ಕಬ್ಬಿನ ಗದ್ದೆಯೊಳಗೆ ಇನ್ನೂ ಕುಂತಾನ. ಜಿನೀವಾದ 25ನೇ ನಂಬರು ಅಂದೆನಲ್ಲ, ಹೊಲದವರಿಗೂ ಜಡ್ಡಿನ ವಿಮೆ ಬೇಕು ಅಂತ ಲೋಕ 1927ರಲ್ಲಿ ಬರೆದಿಟ್ಟದ್ದು.

ಕಬ್ಬಿನ ಹಂಗಾಮಿಗೆ ಗಂಡ-ಹೆಂಡತಿ ಜೋಡಿಗೆ ಒಂದು ಕೊಯ್ತಾ ಅಂತ ಲೆಕ್ಕ. ದೀಪಾವಳಿ ಹೊತ್ತಿಗೆ ಉಚಲ ತೊಗೊಂಡು ಹೋದರೆ ಬರುವುದು ಯುಗಾದಿ ಕಡೆಗೆ. ಒಬ್ಬರು ಕಡಿಯಬೇಕು, ಇನ್ನೊಬ್ಬರು ಮೋಳಿಗೆ ಕಟ್ಟಿ ತಲೆಯ ಮೇಲೆ ಹೊತ್ತು ಟ್ರಾಕ್ಟರಿಗೆ ಏರಿಸಬೇಕು. ಇಬ್ಬರಲ್ಲಿ ಒಬ್ಬರು ಮಲಗಿದರೆ ಕೊಯ್ತಾ ನಿಂತಂತೆ, ಖಾಡಾ. ಬರೇ ಕೂಲಿ ಹೋಗುವುದಷ್ಟೇ ಅಲ್ಲ, ಮ್ಯಾಲ ದಂಡ. ದಿನಕ್ಕೆ 500 ರೂಪಾಯಿ ಅಂತ ಪೇಪರಿನಲ್ಲೂ ಬಂದಿದೆ, ನಮ್ಮ ಮನೆಯಲ್ಲೂ ಅಷ್ಟೇ. ಬೀಡ ಜಿಲ್ಲೆಯ ಹೆಣ್ಣುಮಕ್ಕಳ ಸುದ್ದಿ ನೀವು ಕೇಳಿರಬೇಕು. 2019ರಲ್ಲಿ ಸರ್ಕಾರ ನೀಲಮ್ ಗೋರ್ಹೆಯವರ ಸಮಿತಿ ಮಾಡಿತು. ಅಲ್ಲಿ ವಿಚಾರಿಸಿದ 82,309 ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ 13,861 ಮಂದಿಯ ಗರ್ಭಚೀಲ ತೆಗೆಸಲಾಗಿತ್ತು. ಮುಟ್ಟಿನ ನೋವಿಗೆ ಮಲಗಿದರೆ ಖಾಡಾ ಬೀಳ್ತದ ಅನ್ನುವ ಹೆದರಿಕೆ ಅದರ ಹಿಂದಿನ ಕಾರಣಗಳಲ್ಲಿ ಒಂದು. ಆಮೇಲೆ ಗೋಪಿನಾಥ ಮುಂಡೆಯವರ ಹೆಸರಿನಲ್ಲಿ ಕಬ್ಬು ಕಡಿಯುವವರ ಕಲ್ಯಾಣ ಮಹಾಮಂಡಳ ಆಗಿದೆ. ನಮ್ಮ ಓಣಿಯಲ್ಲಿ ಅದರ ಗುರುತಿನ ಚೀಟಿ ಇದ್ದ ಮನೆ ಎಷ್ಟು ಅಂತ ನೀವೇ ಎಣಿಸಿಕೊಳ್ರಿ.

ಹೋದ ಹಂಗಾಮಿನಲ್ಲಿ ನಮ್ಮ ಚಿಗವ್ವಗ ಜೋಪಡಿಯಲ್ಲಿ ಚಳಿಜ್ವರ ಬಂದು ನಾಲ್ಕು ದಿನ ಏಳಲಿಲ್ಲ. ಐದನೇ ದಿನ ಎದ್ದು ಮೋಳಿಗೆ ಹೊತ್ತಳು. ಯುಗಾದಿಗೆ ಊರಿಗೆ ಬಂದಾಗ ಕಾಕಾ ಮುಕಾದಮ ಕೊಟ್ಟ ವಹಿ ನನ್ನ ಮುಂದೆ ಇಟ್ಟ. ಮನೆಯಲ್ಲಿ ಮರಾಠಿ ಓದುವವನು ನಾನೊಬ್ಬನೇ. ಉಚಲ ಇಷ್ಟು, ಕಡಿದ ಟನ್ನು ಇಷ್ಟು, ಜೋಳ-ಎಣ್ಣೆಗೆ ಕೊಟ್ಟದ್ದು ಇಷ್ಟು. ಅದರ ಕೆಳಗೆ ಖಾಡಾ 4, 2,000 ರೂಪಾಯಿ. ಯಾರಿಗೆ ಆರಾಮಿರಲಿಲ್ಲ, ಯಾಕೆ ಬರಲಿಲ್ಲ ಅಂತ ಬರೆಯಲಿಕ್ಕೆ ಆ ವಹಿಯಲ್ಲಿ ಜಾಗವೇ ಇಲ್ಲ. ಜ್ವರ ಬಂದದ್ದು ಚಿಗವ್ವಗ, ಖಾಡಾ ಬರೆದದ್ದು ಇಬ್ಬರ ಹೆಸರಿಗೆ. ಬಾಬಾಸಾಹೇಬರು 1928ರಲ್ಲಿ ಹೇಳಿದ ಮಾತು ನನಗೆ ನೆನಪಾದದ್ದು ಕಾಲೇಜಿನ ಲೈಬ್ರರಿಯಲ್ಲಿ ಅಲ್ಲ, ಆ ವಹಿಯ ಮುಂದೆ.

ಇನ್ನೊಂದು ಸಲ ಕೂಡಿಸಿ ನೋಡಿದೆ. ನಾಲ್ಕು ದಿನದ ಪೈಕಿ ಒಂದು ದಿನ ಮಳೆ ಬಂದು ಇಡೀ ಟೋಳಿಯೇ ಕಡಿದಿರಲಿಲ್ಲ. ಆ ದಿನಕ್ಕೂ ಖಾಡಾ ಹಾಕಿದ್ದರು. ಕಾಕಾನ ಕಡೆಯಿಂದ ಫೋನ್ ಮಾಡಿಸಿದೆ, ಬಹಳ ಹೊತ್ತು ಮಾತಾಯಿತು, ಕಡೆಗೆ 500 ರೂಪಾಯಿ ತೆಗೆದರು. ಮೂರು ದಿನದ್ದು ಹಂಗೇ ಉಳಿಯಿತು. ಉಳಿದ ಉಚಲ ಮುಂದಿನ ಹಂಗಾಮಿಗೆ ಹೋಗಿದೆ, ಈ ದೀಪಾವಳಿಗೆ ಇಬ್ಬರೂ ಮತ್ತೆ ಹೊಂಟಾರ.

ಭಾನುವಾರ ಸಂಜೆ ಆರರ ಮೇಲೆ ನಾನು ಸಂಘದ ಕೋಣೆಯಲ್ಲಿ ಇರ್ತೀನಿ. ಕಬ್ಬಿಗೆ ಹೋಗಿ ಬಂದವರು ವಹಿ ತೊಗೊಂಡು ಬರ್ರಿ, ಓದಿ, ಕೂಡಿಸಿ ಹೇಳ್ತೀನಿ. ಕಾರ್ಖಾನೆಗೆ ಹೋಗುವವರು ಪಗಾರ ಚೀಟಿ ತರ್ರಿ, ಇಎಸ್‌ಐ ಹಿಡಿದಾರೋ ಇಲ್ಲೋ ನೋಡೋಣ.